ಸನಾದಿಂದ ಒಂದು ಸೀಟು

2022ರ ಏಪ್ರಿಲ್ 2, ಶನಿವಾರ, ಸಂಜೆ ಏಳು ಗಂಟೆ. ಯೆಮನ್‌ನಲ್ಲಿ ಎರಡು ತಿಂಗಳ ಕದನ ವಿರಾಮ ಜಾರಿಗೆ ಬಂತು.

ಸೌದಿಯ ಅಲ್ ಖೋಬರ್‌ನ ಒಂದು ಪಾಲಿಕ್ಲಿನಿಕ್‌ನಲ್ಲಿ, ಔಷಧಿ ಕೌಂಟರಿನ ಹಿಂದೆ ಆಗ ಇದ್ದದ್ದು ಇಬ್ಬರೇ. ರಂಜಾನಿನ ಮೊದಲ ದಿನ. ಇಫ್ತಾರ್ ಮುಗಿಸಿ ರೋಗಿಗಳು ಇನ್ನೂ ಬಂದಿರಲಿಲ್ಲ. ಫಾರ್ಮಸಿಸ್ಟ್ ಲುಜೈನ್ ಫೋನಿನ ಗಡಿಯಾರ ನೋಡುತ್ತಿದ್ದಳು. ಇನ್ಸುಲಿನ್ ಫ್ರಿಜ್ಜಿನ ತಾಪಮಾನ ಪರೀಕ್ಷಿಸಲು ಬಂದ ಟೆಕ್ನಿಷಿಯನ್ ನಝೀಮ್ ಅವಳನ್ನು ನೋಡುತ್ತಿದ್ದ.

"ಫ್ರಿಜ್ ನೋಡು. ಅದಕ್ಕೇ ನಿನಗೆ ಸಂಬಳ ಕೊಡುದು," ಎಂದಳು, ತಲೆ ಎತ್ತದೆ.

"ಫ್ರಿಜ್ ನಾಲ್ಕು ಡಿಗ್ರಿಯಲ್ಲಿ ಸುಮ್ಮನೆ ನಿಂತಿದೆ. ನೀನೇ ನಿಲ್ತಾ ಇಲ್ಲ."

"ಏಳಾಯ್ತು ನಝೀಮ್. ಈಗ ಬಾಂಬ್ ಬೀಳ್ಲಿಕ್ಕಿಲ್ಲ."

ಹಾಗೆಂದು ಅವಳು ಕಪ್ಪು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ನಗಬೇಕೋ ಅಳಬೇಕೋ ತಿಳಿಯದಾಗ ಅವಳು ಹಾಗೆ ಮಾಡುತ್ತಾಳೆ ಎಂಬುದು ನಝೀಮ್‌ಗೆ ಎರಡು ವರ್ಷಗಳಿಂದ ಗೊತ್ತು.

ಲುಜೈನ್ ಯೆಮನ್‌ನ ರಾಜಧಾನಿ ಸನಾದವಳು. ಬಿ.ಫಾರ್ಮ್ ಓದಿದ್ದು ಮಂಗಳೂರಿನಲ್ಲಿ. ಕನ್ನಡ ಕಲಿತದ್ದು ಹಾಸ್ಟೆಲಿನ ಗೆಳತಿಯರಿಂದ ಮತ್ತು ಸಿಟಿ ಬಸ್ಸಿನ ಕಂಡಕ್ಟರುಗಳಿಂದ. 2015ರ ಮಾರ್ಚ್ 26ರಂದು ಸೌದಿ ನೇತೃತ್ವದ ಒಕ್ಕೂಟದ ವಿಮಾನಗಳು ಸನಾದ ಮೇಲೆ ದಾಳಿ ಮಾಡಿದಾಗ ಅವಳು ಆ ಹಾಸ್ಟೆಲಿನಲ್ಲಿ ಪರೀಕ್ಷೆಗೆ ಓದುತ್ತಿದ್ದಳು. ಮರುವರ್ಷ ಆಗಸ್ಟ್‌ನಲ್ಲಿ ಸನಾ ವಿಮಾನ ನಿಲ್ದಾಣ ಪ್ರಯಾಣಿಕರಿಗೆ ಮುಚ್ಚಿತು. ಓದು ಮುಗಿಸಿದವಳು ಮನೆಗೆ ಹೋಗಲಾಗದೆ ಖೋಬರ್‌ನಲ್ಲಿದ್ದ ಅಕ್ಕ ಹನೀನ್‌ಳ ಮನೆಗೆ ಬಂದಳು. ತಂದೆಯನ್ನು ಕೊನೆಯ ಸಲ ನೋಡಿ ಎಂಟು ವರ್ಷವಾಗಿತ್ತು.

ನಝೀಮ್ ಉಳ್ಳಾಲದವನು. ಮೊದಲ ಭೇಟಿಯಲ್ಲೇ ಅವಳು ಅವನ ರಿಪೋರ್ಟಿಗೆ ಸಹಿ ಹಾಕಲು ನಿರಾಕರಿಸಿದ್ದಳು. ಸೆನ್ಸರ್ ಅರ್ಧ ಡಿಗ್ರಿ ತಪ್ಪು ತೋರಿಸುತ್ತಿತ್ತು. ಅವನು ಅಲ್ಲೇ ನಿಂತು ಆಫೀಸಿಗೆ ಫೋನ್ ಮಾಡಿ ಕನ್ನಡದಲ್ಲಿ ಹೇಳಿದ್ದ: "ಇಲ್ಲೊಂದು ಅರಬಿ ಹುಡುಗಿ ಉಂಟು, ಭಾರೀ ಅಹಂಕಾರ. ಆದ್ರೆ ಕಣ್ಣು ಮಾತ್ರ..."

"ಕಣ್ಣು ಮಾತ್ರ ಎಂತ?" ಎಂದು ಅವಳು ಕೇಳಿದ್ದಳು. "ಪೂರ್ತಿ ಹೇಳಿ. ಅರ್ಧ ಡಿಗ್ರಿ ಬಿಟ್ಟ ಹಾಗೆ ಇದನ್ನೂ ಅರ್ಧಕ್ಕೆ ಬಿಡ್ಬೇಡಿ."

ಆ ದಿನ ಅವನು ತನ್ನ ಟೂಲ್ ಬಾಕ್ಸನ್ನು ಅಲ್ಲೇ ಮರೆತು ಹೋದ. ಮರುದಿನ ತೆಗೆದುಕೊಂಡು ಹೋಗಲು ಬಂದವನು, ಆಮೇಲೆ ಮೂರು ತಿಂಗಳಿಗೊಮ್ಮೆ ಮಾಡಬೇಕಾದ ಪರೀಕ್ಷೆಯನ್ನು ತಿಂಗಳಿಗೊಮ್ಮೆ ಮಾಡತೊಡಗಿದ.

ಜಗಳವಾಡಲು ಅವರಿಗೆ ವಿಷಯಕ್ಕೆ ಕೊರತೆಯಿರಲಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಅಬ್ಕೈಕ್‌ನ ತೈಲ ಸ್ಥಾವರದ ಮೇಲೆ ಡ್ರೋನ್ ದಾಳಿಯಾದಾಗ ನಝೀಮ್ ಅಲ್ಲಿಯೇ ಕಾರ್ಮಿಕರ ಕ್ಯಾಂಪಿನಲ್ಲಿದ್ದ. ದಾಳಿ ತಮ್ಮದೆಂದವರು ಸನಾವನ್ನು ಹಿಡಿದಿದ್ದ ಬಂಡುಕೋರರು.

"ನಿಮ್ಮೂರಿನವರು ನನ್ನ ಒಂದು ವಾರದ ನಿದ್ದೆ ಹಾಳು ಮಾಡಿದ್ದಾರೆ," ಎಂದರೆ, ಅವಳು, "ನಮ್ಮೂರಿನವರದ್ದು ಏಳು ವರ್ಷದ್ದು ಹೋಗಿದೆ ಮಾರಾಯ. ಲೆಕ್ಕಕ್ಕೆ ಕೂತ್ರೆ ನೀನೇ ಸೋಲುದು," ಎನ್ನುತ್ತಿದ್ದಳು. ಅಲ್ಲಿಗೆ ಜಗಳ ಮುಗಿಯುತ್ತಿತ್ತು.

ಅಡ್ಡಿಯಿದ್ದದ್ದು ನಿಕಾಹ್‌ಗೆ. ಹೆಣ್ಣಿನ ಪರವಾಗಿ ತಂದೆ ಒಪ್ಪಿ ಕೊಡಬೇಕು. ತಂದೆ ಬರಲಾಗದಿದ್ದರೆ ಬೇರೊಬ್ಬರಿಗೆ ಅಧಿಕಾರ ಬರೆದುಕೊಡಬಹುದು. ಹನೀನ್‌ಳ ಗಂಡ ಸಾಲಿಮ್ ಸಿದ್ಧನಿದ್ದ. ಆದರೆ ಸನಾದಲ್ಲಿದ್ದ ತಂದೆ ಮೂಸಾ ಬರೆದುಕೊಡಲಿಲ್ಲ. ಹಿರಿಮಗಳನ್ನು ಹಾಗೆಯೇ ಕಾಗದದ ಮೇಲೆ ಕೊಟ್ಟಿದ್ದರು. ಅವಳ ಮಕ್ಕಳನ್ನು ಇನ್ನೂ ನೋಡಿರಲಿಲ್ಲ.

"ಇನ್ನೊಬ್ಬಳನ್ನು ಕಾಣದ ಮನುಷ್ಯನಿಗೆ ಕೊಡುವುದಿಲ್ಲ," ಎಂದಿದ್ದರು.

ನಝೀಮ್ ಅಲ್ಲಿಗೆ ಹೋಗುವಂತಿರಲಿಲ್ಲ. ಭಾರತ ಸರ್ಕಾರ 2017ರಲ್ಲೇ ತನ್ನ ಪ್ರಜೆಗಳ ಯೆಮನ್ ಪ್ರಯಾಣ ನಿಷೇಧಿಸಿತ್ತು. ಮೀರಿದರೆ ಪಾಸ್‌ಪೋರ್ಟ್ ಹೋಗುತ್ತದೆ. ಹಿಂದಿನ ವರ್ಷ ಮೊದಲ ಸಲ ಫೋನಿನಲ್ಲಿ ಮಾತಾಡಿದಾಗ ಅವನು ಮೂಸಾ ಅವರಿಗೆ, "ಯುದ್ಧ ಇನ್ನೇನು ಮುಗಿಯುತ್ತೆ, ಮುಗಿದ ಕೂಡಲೇ ಬರ್ತೇನೆ" ಎಂದಿದ್ದ. ಆ ಕಡೆಯಿಂದ ಉತ್ತರ ಬರಲಿಲ್ಲ. ಲೈನ್ ಕಟ್ಟಾಯಿತು ಎಂದು ಇವರಿಬ್ಬರೂ ಅಂದುಕೊಂಡಿದ್ದರು. ಕಟ್ಟಾಗಿರಲಿಲ್ಲ, ಮೂಸಾ ಅವರೇ ಫೋನ್ ಇಟ್ಟಿದ್ದರು.

ಈಗ ಕದನ ವಿರಾಮದ ಷರತ್ತುಗಳಲ್ಲಿ ಒಂದು ಸಾಲಿತ್ತು: ಸನಾದಿಂದ ವಾರಕ್ಕೆ ಎರಡು ವಿಮಾನ, ಜೋರ್ಡಾನ್ ಮತ್ತು ಈಜಿಪ್ಟಿಗೆ. ಮೂಸಾ ಅವರಿಗೆ ಹೃದಯದ ಕವಾಟದ ತೊಂದರೆ. ಜೋರ್ಡಾನಿನ ರಾಜಧಾನಿ ಅಮ್ಮಾನ್‌ನಲ್ಲಿ ಚಿಕಿತ್ಸೆಗೆ ಹೆಸರು ಬರೆಸಿದ್ದರು. ನಿಕಾಹ್‌ಗೆ ಅಲ್ಲಿಗೇ ಹೋಗುವುದೆಂದು ಲುಜೈನ್, ನಝೀಮ್ ಇಬ್ಬರೂ ರಜೆ ಹಾಕಿದರು.

ಏಪ್ರಿಲ್ 24ರಂದು ಹಾರಬೇಕಿದ್ದ ಮೊದಲ ವಿಮಾನ ರದ್ದಾಯಿತು. ಸನಾದಲ್ಲಿ ಬಂಡುಕೋರರು ಕೊಟ್ಟ ಪಾಸ್‌ಪೋರ್ಟುಗಳನ್ನು ಒಪ್ಪುವ ಬಗ್ಗೆ ತಕರಾರು.

ಮೇ 2, ಈದ್. ಹನೀನ್‌ಳ ಮನೆಗೆ ನಝೀಮ್ ಮಂಗಳೂರು ಕ್ಯಾಂಟೀನಿನಿಂದ ಸಕ್ಕರೆ ಉದುರಿಸಿದ ಒಂದು ಪೊಟ್ಟಣ ಬನ್ಸ್ ಹಿಡಿದು ಬಂದ.

"ಈದ್‌ಗೆ ಬನ್ಸಾ? ಚಿನ್ನ ಎಲ್ಲಿ ಮಾರಾಯ?" ಎಂದಳು ಲುಜೈನ್. ಅಷ್ಟರಲ್ಲಿ ಒಂದನ್ನು ತಿಂದೂ ಆಗಿತ್ತು.

"ಚಿನ್ನ ತಂದಿದ್ರೆ ಇಷ್ಟು ಬೇಗ ಬಾಗಿಲು ತೆಗೀತಿರಲಿಲ್ಲ ನೀನು."

ಅವಳು ತುಂಬಿದ ಬಾಯಲ್ಲೇ ನಕ್ಕಳು. ಕೆನ್ನೆಯ ಮೇಲೆ ಸಕ್ಕರೆಯ ಒಂದು ಹರಳು ಅಂಟಿಕೊಂಡಿತ್ತು. ಒರೆಸು ಎಂದು ಅವನು ತನ್ನದೇ ಕೆನ್ನೆ ಮುಟ್ಟಿ ತೋರಿಸಿದ. ಅವಳು ಬೇಕೆಂದೇ ಇನ್ನೊಂದು ಕೆನ್ನೆ ಒರೆಸಿಕೊಂಡಳು.

ಆಗ ಸನಾದಿಂದ ವಿಡಿಯೊ ಕರೆ ಬಂತು. ಮೂಸಾ ಬಿಳಿ ಗಡ್ಡದ, ಸಣ್ಣ ಮುಖದ ಮನುಷ್ಯ. ನಝೀಮ್‌ನ ಅರಬಿ ಸ್ಪ್ಯಾನರು, ಫ್ಯೂಸಿನ ಕೆಲಸಕ್ಕಷ್ಟೇ ಸಾಕು. ಲುಜೈನ್ ನಡುವೆ ಕುಳಿತು ಎರಡೂ ಕಡೆಯ ಮಾತು ದಾಟಿಸಿದಳು.

"ಅಪ್ಪ ಕೇಳ್ತಾರೆ, ಮದುವೆ ಆದ್ಮೇಲೆ ನಾನು ಇಂಡಿಯಾದವಳೇ ಆಗಿಬಿಟ್ರೆ, ನಾಳೆ ಯುದ್ಧ ಮುಗಿದಾಗ ಸನಾದ ಈ ಮನೆಗೆ ಯಾರಿದ್ದಾರೆ ಅಂತ. ಇದೇ ಅವರ ಭಯ. ವಿಮಾನ ಸಿಕ್ರೂ ಇದಕ್ಕೆ ಉತ್ತರ ಸಿಗದೆ ಬರುದಿಲ್ಲವಂತೆ."

ಅವಳ ದನಿ ಕೊನೆಯಲ್ಲಿ ಸಣ್ಣಗಾಯಿತು. ನಝೀಮ್ ಬನ್ಸಿನ ಪೊಟ್ಟಣ ಬದಿಗಿಟ್ಟ.

"ಹೀಗೆ ಹೇಳು. ನಮ್ಮ ಬ್ಯಾರಿ ಮುಸ್ಲಿಮರಲ್ಲಿ ಹಿಂದೆ ಗಂಡಸೇ ಹೆಂಡತಿ ಮನೆಗೆ ಹೋಗ್ತಿದ್ದದ್ದು. ನನ್ನ ಅಜ್ಜ ಮೂವತ್ತು ವರ್ಷ ಕೆಲಸ ಮುಗಿಸಿ ದಿನಾ ಅಜ್ಜಿ ಮನೆಗೆ ನಡೆದೇ ಹೋದವರು. ಅಜ್ಜಿ ಆ ಮನೆ ಬಿಟ್ಟು ಬರಲೇ ಇಲ್ಲ. ನಿನ್ನ ಮನೆಯೂ ನಿನ್ನದೇ. ಹೋಗಲಿಕ್ಕೆ ದಾರಿ ಸಿಕ್ಕಿದ ದಿನ ನಾನೇ ಅಲ್ಲಿಗೆ ಬರುದು."

ಅವಳು ಹೇಳಿದಳು. ಮೂಸಾ ಹುಬ್ಬೇರಿಸಿ ಏನೋ ಕೇಳಿದರು. ಸಾಲಿಮ್ ಜೋರಾಗಿ ನಕ್ಕ.

"ಎಂತ?"

"ಮೂವತ್ತು ವರ್ಷಕ್ಕೆ ಎಷ್ಟು ಜೋಡಿ ಚಪ್ಪಲಿ ಸವೆದಿರಬಹುದು ಅಂತ. ಮತ್ತೆ... ನೀನು ಯಾವಾಗ ಬರುದು ಅಂತ."

ಲುಜೈನ್ ಮೆಲ್ಲಗೆ, "ಬೇಗ ಅಂತ ಹೇಳ್ಲಾ?" ಎಂದಳು.

"ಬೇಡ. ಒಮ್ಮೆ ಹಾಗೆ ಹೇಳಿದ್ದು ನನ್ನ ತಪ್ಪು. ಕದನ ವಿರಾಮ ಜೂನ್ ಎರಡಕ್ಕೆ ಮುಗಿಯುತ್ತೆ, ಮುಂದೆ ಎಂತ ಅಂತ ನನಗೆ ಗೊತ್ತಿಲ್ಲ. ನನ್ನ ಸರ್ಕಾರ ಯಾವಾಗ ಬಿಡುತ್ತೆ ಅಂತಲೂ ಗೊತ್ತಿಲ್ಲ. ಐದು ವರ್ಷ ಆಗಬಹುದು, ಹತ್ತೂ ಆಗಬಹುದು. ಸುಳ್ಳು ಸೇರಿಸ್ಬೇಡ. ಹೀಗೇ ಹೇಳು."

ಅವಳು ಒಂದು ಕ್ಷಣ ಅವನ ಮುಖವನ್ನೇ ನೋಡಿದಳು. ಆಮೇಲೆ ತಂದೆಯತ್ತ ತಿರುಗಿ, ಒಂದು ಪದವೂ ಬಿಡದೆ ಹೇಳಿದಳು. ಈ ಸಲ ಮೂಸಾ ಫೋನ್ ಇಡಲಿಲ್ಲ.

"ಅಪ್ಪ ಹೇಳ್ತಾರೆ," ಅವಳ ಬೆರಳು ದುಪಟ್ಟಾದ ಅಂಚಿನಲ್ಲಿತ್ತು, "ಏಳು ವರ್ಷದಿಂದ ಎಲ್ಲರೂ ಮುಂದಿನ ತಿಂಗಳು ಮುಗಿಯುತ್ತೆ ಅಂದ್ರು. ರೇಡಿಯೊದವರು, ಮಂತ್ರಿಗಳು, ಅಳಿಯ ಸಾಲಿಮ್ ಕೂಡ. ಗೊತ್ತಿಲ್ಲ ಅಂತ ಹೇಳಿದ ಮೊದಲ ಮನುಷ್ಯ ನೀನು. ಸೀಟು ಸಿಕ್ಕಿದ್ರೆ ಅಮ್ಮಾನ್‌ಗೆ ಬರ್ತಾರಂತೆ."

"ಮತ್ತೆ ಅಳ್ತೀಯಾಕೆ ಮಾರಾಯ್ತಿ?"

"ಅಳ್ತಾ ಇಲ್ಲ. ಸಕ್ಕರೆ ಕಣ್ಣಿಗೆ ಹೋಯ್ತು."

ಮೇ 16, ಸೋಮವಾರ, ಸುಮಾರು ಆರು ವರ್ಷಗಳ ನಂತರದ ಮೊದಲ ಪ್ರಯಾಣಿಕ ವಿಮಾನ ಸನಾದಿಂದ ಅಮ್ಮಾನ್‌ಗೆ ಹಾರಿತು. ಮೂಸಾ ಅದರಲ್ಲಿರಲಿಲ್ಲ. ಅವರಿಗೆ ಸಿಕ್ಕಿದ ಸೀಟು ಜೂನ್ ಎರಡನೇ ವಾರದ್ದು, ಅಂದರೆ ಕದನ ವಿರಾಮದ ಗಡುವು ಮುಗಿದ ಮೇಲಿನದು.

ಜೂನ್ 2ರ ಸಂಜೆ ಖೋಬರ್‌ನ ಕಡಲದಂಡೆಯ ಹಾದಿ ಕಾರ್ನಿಶ್‌ನಲ್ಲಿ ಬಿಸಿಗಾಳಿ ಬೀಸುತ್ತಿತ್ತು. ಹನೀನ್‌ಳ ಮಕ್ಕಳು ಮುಂದೆ ಓಡುತ್ತಿದ್ದರು, ಹನೀನ್ ಅವರ ಹಿಂದೆ. ಲುಜೈನ್, ನಝೀಮ್ ಕಟ್ಟೆಯ ಮೇಲೆ, ನಡುವೆ ಅವಳ ಕೈಚೀಲ ಇಟ್ಟುಕೊಂಡು ಕುಳಿತಿದ್ದರು.

"ಕದನ ವಿರಾಮ ಮುಂದುವರಿಸದಿದ್ರೆ?" ಎಂದಳು.

"ಮತ್ತೆ ಫ್ರಿಜ್ ಚೆಕ್ ಮಾಡ್ಲಿಕ್ಕೆ ಬರ್ತೇನೆ. ತಿಂಗಳು ತಿಂಗಳು."

"ಎಷ್ಟು ವರ್ಷ?"

"ಫ್ರಿಜ್ ಹಾಳಾದ್ರೆ ಹೊಸದು ತರ್ತಾರೆ, ಅದನ್ನೂ ಚೆಕ್ ಮಾಡ್ಬೇಕಲ್ಲ."

ಅವಳು ಸಮುದ್ರದ ಕಡೆ ನೋಡುತ್ತಲೇ ಹೇಳಿದಳು: "ಆ ದಿನ ಟೂಲ್ ಬಾಕ್ಸ್ ನೀನು ಮರೆತು ಹೋದಾಗ ನಾನು ಕರೀಬಹುದಿತ್ತು. ನೀನಿನ್ನೂ ಬಾಗಿಲಲ್ಲೇ ಇದ್ದೆ. ಬೇಕಂತಲೇ ಕರೀಲಿಲ್ಲ."

ಇಬ್ಬರ ಫೋನುಗಳೂ ಒಟ್ಟಿಗೆ ಸದ್ದು ಮಾಡಿದವು. ಕದನ ವಿರಾಮ ಇನ್ನೆರಡು ತಿಂಗಳು ಮುಂದುವರಿದಿತ್ತು. ಅವಳು ಕೈಚೀಲವನ್ನು ಎತ್ತಿ ಮಡಿಲಿಗಿಟ್ಟುಕೊಂಡಳು. ನಡುವೆ ಈಗ ಏನೂ ಇರಲಿಲ್ಲ.

ಜೂನ್ 12, ಭಾನುವಾರ, ಅಮ್ಮಾನ್‌ನಲ್ಲಿ ನಿಕಾಹ್ ನಡೆಯಿತು. ಮೂಸಾ ನಝೀಮ್‌ನ ಬಲಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು ಮಗಳನ್ನು ಒಪ್ಪಿಸಿದರು. ಖಾಝಿ ಸಾಕು ಎಂದ ಮೇಲೂ ಬಿಡಲಿಲ್ಲ. ನಾಲ್ಕು ದಿನದ ನಂತರ ಅವರ ಶಸ್ತ್ರಚಿಕಿತ್ಸೆಯಾಯಿತು. ಜುಲೈ ಕೊನೆಗೆ ಸನಾಕ್ಕೆ ಮರಳಿದರು.

ಆಗಸ್ಟ್‌ನಲ್ಲಿ ಇನ್ನೊಮ್ಮೆ ಮುಂದುವರಿದ ಕದನ ವಿರಾಮದ ಅವಧಿ ಅಕ್ಟೋಬರ್ 2ರಂದು ಮುಗಿಯಿತು, ಮತ್ತೆ ಮುಂದುವರಿಸಲಿಲ್ಲ. ಅದೇ ತಿಂಗಳು ಮೂಸಾ ತಮ್ಮ ಮನೆಯ ಮಹಡಿಯ ಕೋಣೆಗೆ, ಹೊಸ ಅಳಿಯ ಬಂದಾಗ ಇರಲೆಂದು, ಸುಣ್ಣ ಹೊಡೆಸಿದರು.