ಇಲ್ಲದ ಸದಸ್ಯ ಕಂಡ ಬಸವನಹುಳು

ಬೆಳಿಗ್ಗೆ ಒಂಬತ್ತಕ್ಕೆ ಸಂಘದ ಸಂಚಾಲಕಿ ಕಂಪ್ಯೂಟರ್ ತೆರೆದಾಗ ಚರ್ಚಾತಾಣದ ಹತ್ತೊಂಬತ್ತು ವರ್ಷದ ಪತ್ರಗಳು ಮಾಯವಾಗಿದ್ದವು. ಒಂದೂ ಉಳಿದಿರಲಿಲ್ಲ.

ಬಸವನಹುಳುಗಳ ಬಗ್ಗೆ ಬರೆದ ಪತ್ರಗಳು ಎಂದಾಗ ನನಗೆ ನಗು ಬಂತು, ಮುಚ್ಚಿಡುವುದೇಕೆ. ಹೆಡ್ ಕಾನ್‌ಸ್ಟೆಬಲ್ ಆಗಿ ಕಳ್ಳತನಗಳನ್ನು ಬೇಕಾದಷ್ಟು ನೋಡಿದ್ದೇನೆ, ಇಂಥದ್ದು ನೋಡಿರಲಿಲ್ಲ. ಇನ್‌ಸ್ಪೆಕ್ಟರ್ ಮೇಡಂ ಮಾತ್ರ ನಗಲಿಲ್ಲ.

ವಸ್ತುಸಂಗ್ರಹಾಲಯದ ಮೇಲಂತಸ್ತು. ಗೋಡೆಯುದ್ದಕ್ಕೂ ಚಿಪ್ಪು ತುಂಬಿದ ಬೀರುಗಳು. ಸಂಚಾಲಕಿಯ ಕಣ್ಣು ಅತ್ತು ಕೆಂಪಗಾಗಿತ್ತು.

“ನಾವು ಅರವತ್ತೊಂದು ಜನ ಸಂಶೋಧಕರು. ಹಳೇ ಚರ್ಚಾತಾಣ ಈ ತಿಂಗಳು ಮುಚ್ಚುತ್ತೆ. ಹೊಸದು ಯಾವುದು ಅಂತ ಇವತ್ತು ಸಂಜೆ ಐದಕ್ಕೆ ಮತದಾನ. ನಾನು ಹೇಳಿದ್ದು ತೆರೆದ ವೇದಿಕೆ. ಹಳೇ ಪತ್ರಗಳೆಲ್ಲ ಅಲ್ಲಿಗೆ ಬರ್ತವೆ, ಯಾರು ಬೇಕಾದ್ರೂ ಹುಡುಕಿ ಓದಬಹುದು. ಕೆಲವರಿಗೆ ಫೋನಿನ ಗುಂಪೇ ಸಾಕಂತೆ. ಅದಕ್ಕೆ ಹಳೇದೇನೂ ಬರಲ್ಲ.”

“ಅಳಿಸಿದ್ದು ಯಾರು?”

“ಮೂರು ತಿಂಗಳ ಹಿಂದೆ ಸೇರಿದ ಸದಸ್ಯ. ಪತ್ರ ಸಾಗಿಸೋಕೆ ನೆರವಾಗ್ತೀನಿ ಅಂದ, ಅಧಿಕಾರ ಕೊಟ್ಟೆ. ಬ್ಯಾಕಪ್ಪೂ ಅವನ ಹತ್ರಾನೇ. ಈಗ ನೋಡಿದ್ರೆ ಅಂಥ ನಂಬರೂ ಇಲ್ಲ, ಅಂಥ ಮನುಷ್ಯನೂ ಇಲ್ಲ. ನಾನೇ ಕೈತಪ್ಪಿ ಅಳಿಸಿ, ಇಲ್ಲದವನ ಮೇಲೆ ಹಾಕ್ತಿದೀನಿ ಅಂತಾರೆ. ಐದರೊಳಗೆ ಸತ್ಯ ಗೊತ್ತಾಗದಿದ್ರೆ ಸಂಘದಿಂದ ತೆಗೀತಾರೆ. ಈ ಕೆಲಸವೂ ಹೋಗುತ್ತೆ ಮೇಡಂ.”

* * *

ಅಳಿಸಿದ್ದು ಎಂಟೂವರೆಗೆ, ಇದೇ ಕಟ್ಟಡದ ವೈಫೈನಿಂದ. ನಾನು ನೇರ ಅಲ್ಲಿನ ಕಂಪ್ಯೂಟರ್ ರಿಪೇರಿಯವನ ಕೊರಳಪಟ್ಟಿಗೆ ಕೈ ಹಾಕಿದೆ. ತನ್ನ ಭಾವನ ಕಂಪನಿಯ ವೇದಿಕೆ ಬೇಡವೆಂದಳೆಂದು ಸಂಚಾಲಕಿಯ ಮೇಲೆ ಅವನು ಹಲ್ಲು ಕಡಿಯುತ್ತಿದ್ದ.

“ಎಂಟೂವರೆಗೆ ಎಲ್ಲಿದ್ದೆ?”

“ಹಲ್ಲು ಕೀಳಿಸ್ತಿದ್ದೆ ಸಾರ್.”

ಕೆನ್ನೆ ಊದಿತ್ತು. ಡಾಕ್ಟರೂ ಹೌದೆಂದರು. ನನ್ನ ಮುಖ ಸಪ್ಪಗಾಯಿತು.

ಮೇಡಂ ಅಷ್ಟರಲ್ಲಿ ಸಂಚಾಲಕಿಯ ಇಮೇಲಿನಲ್ಲಿ ಉಳಿದಿದ್ದ ಒಂದು ಪತ್ರ ಓದುತ್ತಿದ್ದರು. ಹೊಸಬರು ತಾವು ಕಂಡ ಒಂದು ಹುಳು ವರ್ಣಿಸಿಯೇ ಸಂಘಕ್ಕೆ ಸೇರಬೇಕು. ಅದು ಇವರ ಪದ್ಧತಿ. ಇಲ್ಲದ ಸದಸ್ಯನೂ ಬರೆದಿದ್ದ: ‘ಕಲ್ಲುಗಣಿಯ ಉತ್ತರದ ಗೋಡೆ, ನೆಲದಿಂದ ಎರಡಡಿ ಮೇಲೆ. ಎಡಕ್ಕೆ ಸುತ್ತಿದ ಚಿಪ್ಪು. ಬಾಯಂಚು ಮುರಿದು ಮತ್ತೆ ಬೆಳೆದಿದೆ.’

“ಎಡಕ್ಕೆ ಸುತ್ತಿದ್ರೆ ಏನಮ್ಮ?”

“ಈ ಜಾತಿಯಲ್ಲಿ ಎಲ್ಲ ಬಲಕ್ಕೇ ಸುತ್ತೋದು. ಎಡದ್ದು ನಾನು ಒಂದೂ ನೋಡಿಲ್ಲ.”

ಮೇಡಂ ಎದ್ದರು. “ಈ ಬೀರುಗಳು ಯಾರ್ಯಾರದು?”

“ಇಲ್ಲಿ ಕೆಲಸ ಮಾಡೋ ಐದು ಜನ ಸದಸ್ಯರದು.”

“ಐದನ್ನೂ ತೆಗೆಸಿ. ಹುಳು ನಿಜ ಆಗಿದ್ರೆ ಚಿಪ್ಪು ಇಲ್ಲೇ ಇರಬೇಕು.”

* * *

ನಾಲ್ಕು ಗಂಟೆ. ಮೂರು ಬೀರುಗಳಲ್ಲಿ ಏನೂ ಸಿಗಲಿಲ್ಲ. ನಾಲ್ಕನೆಯದು ಸಂಚಾಲಕಿಗೆ ವಿದ್ಯೆ ಕಲಿಸಿದ ಹಿರಿಯ ವಿಜ್ಞಾನಿಯದು. ಎಲ್ಲರ ಬಾಯಲ್ಲೂ ಅವರು ಚಿಪ್ಪಜ್ಜ.

“ನನ್ನ ಮೇಲೂ ಅನುಮಾನವಾ ತಾಯಿ?”

“ಎಲ್ಲರ ಮೇಲೂ, ಸರ್.”

ಕೆಳಗಿನ ಡ್ರಾಯರಿನಲ್ಲಿ ಹತ್ತಿಯ ಮೇಲೆ ಒಂದು ಚಿಪ್ಪು. ಎಡಕ್ಕೆ ಸುತ್ತಿತ್ತು. ಬಾಯಂಚಿನಲ್ಲಿ ಮುರಿದು ಕೂಡಿದ ಗುರುತು. ಚೀಟಿಯಲ್ಲಿ ಅವರದೇ ಅಕ್ಷರ: ಕಲ್ಲುಗಣಿ, ಉತ್ತರದ ಗೋಡೆ, ಎರಡಡಿ.

“ಇದನ್ನ ಯಾರಿಗಾದ್ರೂ ತೋರಿಸಿದ್ರಾ?”

ಅಜ್ಜ ಇಲ್ಲವೆಂದು ತಲೆಯಾಡಿಸಿದರು.

“ಸದಸ್ಯನ ಹೆಸರು ಸುಳ್ಳು, ಊರು ಸುಳ್ಳು, ನಂಬರ್ ಸುಳ್ಳು. ಹುಳು ಮಾತ್ರ ನಿಜ. ಅದನ್ನೂ ಸುಳ್ಳೇ ಬರೆದಿದ್ರೆ ನಾವು ಇಲ್ಲಿಗೆ ಬರ್ತಾನೇ ಇರಲಿಲ್ಲ.”

“ದಾಖಲೆಗೆ ಸುಳ್ಳು ಹುಳು ಸೇರಿಸೋದು ನನ್ನ ಕೈಲಿ ಆಗಲ್ಲಮ್ಮ.” ಅವರು ಜೇಬಿನಿಂದ ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟರು. “ಬ್ಯಾಕಪ್ ಹಾಳು ಮಾಡೋಕೂ ಆಗಲಿಲ್ಲ.”

“ಯಾವ ಪತ್ರ ಯಾರ ಕಣ್ಣಿಗೂ ಬೀಳಬಾರದು ಅಂತ ಇಷ್ಟೆಲ್ಲ?”

ಅಜ್ಜ ಸಂಚಾಲಕಿಯ ಕಡೆ ನೋಡಿ ತಲೆ ತಗ್ಗಿಸಿದರು.

ಮೇಡಂ ಪೆನ್‌ಡ್ರೈವಿನಲ್ಲಿ ಅಜ್ಜ ಉತ್ತರಿಸಿದ್ದ ಪತ್ರಗಳನ್ನು ಹುಡುಕಿ ಒಂದನ್ನು ತೆರೆದರು. ಹನ್ನೆರಡು ವರ್ಷ ಹಳೆಯ ಪತ್ರ, ಬರೆದವಳು ಆಗ ಕಾಲೇಜು ಹುಡುಗಿ. ‘ಈ ಹುಳು ಯಾವ ಪುಸ್ತಕದಲ್ಲೂ ಇಲ್ಲ, ಸರ್. ಅಂಚೆಯಲ್ಲಿ ಕಳಿಸುತ್ತಿದ್ದೇನೆ.’ ಕೆಳಗೆ ಅಜ್ಜನ ಉತ್ತರ: ‘ಮಾಮೂಲಿ ಹುಳು.’ ಮರುವರ್ಷ ಆ ಹುಳು ಹೊಸ ಜಾತಿಯೆಂದು ತಮ್ಮ ಹೆಸರಲ್ಲಿ ಅಚ್ಚಾಗಿತ್ತೆಂದು ಅಜ್ಜ ಒಪ್ಪಿಕೊಂಡರು.

ಆ ಹುಡುಗಿ ಇದೇ ಸಂಚಾಲಕಿ.

“ನಾನು ಕಳಿಸಿದ್ದು ಮರಿ,” ಎಂದಳು ಮೆಲ್ಲಗೆ. “ನಿಮ್ಮ ಪುಸ್ತಕದಲ್ಲಿ, ಬೆಳೆದ ಹುಳುವಿನ ಚಿತ್ರ ನೋಡಿದಾಗ ಅದೇ ಅಂತ ಹೊಳೀಲೇ ಇಲ್ಲ. ನೀವು ಮಾಮೂಲಿ ಅಂದ್ರಲ್ಲ, ನಂಬಿದೆ.”

ಬೆಳಿಗ್ಗೆ ನಕ್ಕದ್ದಕ್ಕೆ ನನಗೆ ನಾಚಿಕೆಯಾಯಿತು.

ಐದಾಗುತ್ತ ಬಂತು. ಜೀಪು ಕಾಯುತ್ತಿತ್ತು. ಬಾಗಿಲಲ್ಲಿ ಅಜ್ಜ ನಿಂತರು.

“ನನ್ನ ಮತಾನೂ ತೆರೆದ ವೇದಿಕೆಗೇ ಹಾಕಿಬಿಡಮ್ಮ.”

ಸಂಚಾಲಕಿ ಕುರ್ಚಿ ಬಿಟ್ಟು ಎದ್ದು, ಕಂಪ್ಯೂಟರನ್ನು ಅವರ ಕಡೆ ತಿರುಗಿಸಿದಳು.

“ನೀವೇ ಹಾಕಿ, ಸರ್. ಇನ್ನೊಬ್ಬರದನ್ನ ನಾನು ಮುಟ್ಟಲ್ಲ.”