ಕಿಮೋನೊ ತಿರುಗಿಸಿ ನೋಡಿದ ಮೇಘಾ

"ಎಬ್ಬಿಸ್ರೋ! ಕಾಲು ಹೋತು, ನನ್ ಕಾಲು ಹೋತು!"

ಹೆಡ್‌ಮಾಸ್ಟರ್ ಮುರುಗೇಂದ್ರಪ್ಪನವರು ಜಮಖಾನದ ಮೇಲೆ ಮಂಡಿಯೂರಿ ಕೂತಿದ್ದರು. ಜಪಾನಿನವರು ಹೀಗೆ ಕೂತು ಚಹಾ ಕುಡಿಯುತ್ತಾರೆ ಎಂದು ದಿವ್ಯಾ ಮಿಸ್ ಹೇಳಿದ್ದೇ ತಡ, "ಅದೇನ್ ಮಹಾ" ಎಂದು ಕೂತವರು ಈಗ ಏಳಲಾರದೆ ಒದ್ದಾಡುತ್ತಿದ್ದರು. ವೀರೇಶ್ ಮತ್ತು ಅಶ್ವಥ್ ಆಳಿಗೊಂದು ರಟ್ಟೆ ಹಿಡಿದು ಎಳೆದರು. ಐದನೇ ಕ್ಲಾಸಿನವರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದರು. ನಗು ಮಾತ್ರ ಬೆರಳ ಸಂದಿಯಿಂದ ಬಂದೇ ಬಂತು.

ಮೊಳಕಾಲ್ಮೂರಿನ ಆ ಶಾಲೆಯಲ್ಲಿ ಅವತ್ತು ಜಪಾನ್ ದಿನ. ಜಪಾನಿ ಭಾಷೆ ಕಲಿತಿದ್ದ ದಿವ್ಯಾ ಮಿಸ್ ಎರಡು ದೊಡ್ಡ ಬ್ಯಾಗ್ ಹೊತ್ತು ಚಳ್ಳಕೆರೆಯಿಂದ ಬಸ್ಸಿನಲ್ಲಿ ಬಂದಿದ್ದರು. ಕಾಗದ ಮಡಚಿ ಕೊಕ್ಕರೆ ಮಾಡುವುದನ್ನು ಕಲಿಸಿದರು. ವೀರೇಶನ ಕೊಕ್ಕರೆ ಜ್ವರ ಬಂದ ಕೋಳಿಯಂತಿತ್ತು. ಹಸಿರು ಚಹಾ ಕುಡಿಸಿದರು. "ಮೇಕೆಗೆ ಹಾಕೋದನ್ನ ನಮಗೆ ಕುಡಿಸ್ತಾರಲ್ಲೋ" ಎಂದು ಅಶ್ವಥ್ ಮುಖ ಕಿವುಚಿದ. ಆಮೇಲೆ ಬಗ್ಗುವುದನ್ನು ಕಲಿಸಿದರು.

"ನಮಸ್ಕಾರಕ್ಕೆ ಇಷ್ಟು ಬಗ್ಗಿದ್ರೆ ಸಾಕು. ತಪ್ಪು ಮಾಡಿದ್ರೆ ಇನ್ನೂ ಬಗ್ಗಬೇಕು, ಬೇಗ ತಲೆ ಎತ್ತಬಾರ್ದು."

ಮಕ್ಕಳಿಗೆ ಅದೇ ಆಟವಾಯಿತು. ಒಬ್ಬರಿಗೊಬ್ಬರು ಬಗ್ಗಿ ತಲೆ ಡಿಕ್ಕಿ ಹೊಡೆದುಕೊಂಡರು. ವೀರೇಶ್ ಬಾಗಿಲಲ್ಲಿ ಮಲಗಿದ್ದ ನಾಯಿಗೂ ಬಗ್ಗಿದ.

ಮೇಘಾಳಿಗೆ ಇದ್ಯಾವುದೂ ಬೇಕಿರಲಿಲ್ಲ. ಅವಳ ಕಣ್ಣೆಲ್ಲ ಕುರ್ಚಿಯ ಮೇಲೆ ಹರಡಿದ್ದ ನೀಲಿ ಕಿಮೋನೊ ಮೇಲೆ. ಬಿಳಿ ಹೂವಿನ, ಅಗಲ ತೋಳಿನ ಆ ಜಪಾನಿ ಉಡುಪು ಇದ್ದದ್ದು ಒಂದೇ. ಒಬ್ಬರಷ್ಟೇ ತೊಡಬಹುದು. ಚೀಟಿ ಎತ್ತಿದಾಗ ಬಂದದ್ದು ಅವಳದೇ ಹೆಸರು!

ಕಾಲಿಗೆ ಜೀವ ಬಂದ ಕೂಡಲೇ ಮುರುಗೇಂದ್ರಪ್ಪನವರು ಮೈಕ್ ಹಿಡಿದರು. "ಮಕ್ಕಳೇ, ಇದು ಅಸಲಿ ಜಪಾನ್ ರೇಷ್ಮೆ! ಕೈಮಗ್ಗದ್ದು!"

"ಸಾರ್, ಅದು ಹಂಗಲ್ಲ..." ದಿವ್ಯಾ ಮಿಸ್ ಮೆಲ್ಲಗೆ ಏನೋ ಹೇಳಹೋದರು. ಮೈಕ್ ಕೈಗೆ ಬಂದಮೇಲೆ ಮುರುಗೇಂದ್ರಪ್ಪನವರಿಗೆ ಇನ್ನೊಬ್ಬರ ಮಾತು ಕೇಳಿಸುವುದುಂಟೇ?

ರೇಷ್ಮೆ ಎಂದದ್ದೇ ಮೇಘಾಳ ಕೈ ತಾನಾಗಿ ಮುಂದೆ ಹೋಯಿತು. ಅವಳ ಅವ್ವ ಪುಷ್ಪಾ ಮನೆಯ ಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತಾಳೆ. ಬರೀ ಬಣ್ಣ ನೋಡಿ ಮರುಳಾಗುವವರು ಆ ಮನೆಯಲ್ಲಿಲ್ಲ. "ತಿರಗೇಸಿ ಚೂಡು" ಎನ್ನುತ್ತಾಳೆ ಅಜ್ಜಿ ತೆಲುಗಿನಲ್ಲಿ, ತಿರುಗಿಸಿ ನೋಡು ಎಂದು. ನೇಯ್ದ ಹೂವಾದರೆ ಹಿಂದೆಯೂ ಅದರ ನೂಲು ಕಾಣಬೇಕು. ಮೇಘಾ ಕಿಮೋನೊದ ಅಂಚು ಹಿಡಿದು ತಿರುಗಿಸಿದಳು. ಹೆಬ್ಬೆರಳಲ್ಲಿ ಉಜ್ಜಿದಳು.

"ಸಾರ್, ಇದು ರೇಷ್ಮೆ ಅಲ್ಲ! ಹಿಂದೆ ಹೂವೇ ಇಲ್ಲ, ಬರೀ ಪ್ರಿಂಟು. ಪಾಲಿಯೆಸ್ಟರ್ ಐತೆ!"

ಕ್ಲಾಸು ಹೋ ಎಂದಿತು. "ಡೂಪ್ಲಿಕೇಟ್ ಜಪಾನ್!" ವೀರೇಶ್ ಕೂಗಿದ. ಮುರುಗೇಂದ್ರಪ್ಪನವರು ಮೈಕೇ ಕೆಟ್ಟುಹೋಗಿದೆಯೇನೋ ಎಂಬಂತೆ ಅದನ್ನು ತಟ್ಟತೊಡಗಿದರು. ತಾನು ಕಂಡುಹಿಡಿದೆನಲ್ಲ ಎಂದು ಮೇಘಾ ಉಬ್ಬಿಹೋದಳು.

ನಗುತ್ತಲೇ ದಿವ್ಯಾ ಮಿಸ್ ಕಡೆ ತಿರುಗಿದಳು. ನಗು ಅಲ್ಲೇ ನಿಂತಿತು. ಆ ಮುಖ ಅವಳಿಗೆ ಗೊತ್ತಿತ್ತು. ಅಂಗಡಿ ಸಾಹುಕಾರರು ಅವ್ವನ ಸೀರೆ ತಿರುಗಿಸಿ, ಎಲ್ಲರೆದುರು "ಇದೇನಮ್ಮ, ಪವರ್‌ಲೂಮ್ ಮಾಲಿನಂಗೈತೆ" ಎಂದು ಪಕ್ಕಕ್ಕೆ ಎಸೆದಾಗ ಅವ್ವನ ಮುಖ ಹೀಗೇ ಆಗಿತ್ತು.

"ಹೌದು, ಪಾಲಿಯೆಸ್ಟರೇ," ಮಿಸ್ ಸಣ್ಣ ದನಿಯಲ್ಲಿ ಹೇಳಿದರು. "ಬೇಡ ಅನ್ಸಿದ್ರೆ ಬಿಡು ಮೇಘಾ."

ಈಗ ತೊಟ್ಟರೆ ಎಲ್ಲ ತನ್ನನ್ನೇ ನೋಡಿ ನಗುತ್ತಾರೆ ಎಂದು ಮೇಘಾಳಿಗೆ ಗೊತ್ತಿತ್ತು. ಆದರೂ ಹೋಗಿ ನಿಂತಳು. ತೋಳಿಗೆ ಕೈ ತೂರಿಸುವಾಗ ಒಳಮೈ ಕಣ್ಣಿಗೆ ಬಿತ್ತು. ಉದ್ದಕ್ಕೂ ಸಣ್ಣ ಸಣ್ಣ ಹೊಲಿಗೆ. ಮೆಷಿನ್ನಿನದಲ್ಲ, ಕೈಯದು. ಕಂಕುಳ ಹತ್ತಿರ ನೂಲು ಮುಗಿದು ಬೇರೆ ಬಣ್ಣದ ನೂಲು ಹಾಕಿದ್ದರು.

"ಮಿಸ್, ಇದನ್ನ ನೀವೇ ಹೊಲಿದ್ರಾ?"

"ಹೂಂ. ಅಸಲಿದು ತರೋಕೆ ನನ್ ಕೈಲಾಗ್ಲಿಲ್ಲ. ವಿಡಿಯೊ ನೋಡಿ ಹೊಲಿದೆ. ಈ ತೋಳು ಮೂರು ಸಲ ಬಿಚ್ಚಿದ್ದೀನಿ. ನಿಮ್ಮಲ್ಲಿ ಒಬ್ರಾದ್ರೂ ತೊಟ್ಟು ನೋಡ್ಲಿ ಅಂತ."

ಮೇಘಾ ಆ ಹೊಲಿಗೆಯ ಮೇಲೆ ಬೆರಳಾಡಿಸಿದಳು. ತಿರುಗಿಸಿ ನೋಡುವ ಮನೆಯವಳು ತಾನು. ಆದರೆ ತಿರುಗಿಸಿದ್ದು ಬೆರಳಗಲ ಮಾತ್ರ.

ಸೊಂಟಕ್ಕೆ ಪಟ್ಟಿ ಕಟ್ಟಿದ್ದಾಯಿತು. "ಪಾಲಿಯೆಸ್ಟರ್ ರಾಣಿ!" ವೀರೇಶ್ ಶುರುಮಾಡಿದ.

"ಹೂಂ, ಎಲ್ಲಾರ್ಗೂ ಬಗ್ಗಿ ಒಂದು ನಮಸ್ಕಾರ ಹೊಡಿಯಮ್ಮ," ಎಂದರು ಮುರುಗೇಂದ್ರಪ್ಪನವರು.

ಮೇಘಾ ಎಲ್ಲರಿಗೂ ಬೆನ್ನು ಹಾಕಿ, ದಿವ್ಯಾ ಮಿಸ್ ಕಡೆ ತಿರುಗಿ ಬಗ್ಗಿದಳು. ತೋಳಿನ ತುದಿ ನೆಲ ಮುಟ್ಟಿತು. ಆಟವೆಂದುಕೊಂಡು ಕ್ಲಾಸು ಕಿಸಿಕಿಸಿ ಎಂದಿತು.

"ಸಾಕೇಳಮ್ಮ," ಎಂದರು ಮುರುಗೇಂದ್ರಪ್ಪನವರು.

ಅವಳು ಏಳಲಿಲ್ಲ. ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಐದು, ಆರು, ಏಳು. ಕಿಸಿಕಿಸಿ ಒಂದೊಂದಾಗಿ ನಿಂತಿತು. ಹತ್ತಕ್ಕೆ ತಲೆ ಎತ್ತಿದಳು.

ಡಿಕ್ಕಿ! ಎದುರಿಗೆ ದಿವ್ಯಾ ಮಿಸ್ಸೂ ಬಗ್ಗಿದ್ದರು.

ಮಿಸ್ ಹಣೆ ಉಜ್ಜಿಕೊಂಡರು. ಈ ಸಲ ಮೇಘಾ ಮೊದಲು ಅವರ ಮುಖ ನೋಡಿದಳು. ಅವರು ನಗುತ್ತಿದ್ದರು. ಆಮೇಲೆ ತಾನೂ ನಕ್ಕಳು.