ಬಾಣಂತಿಯ ಕೋಣೆಯಲ್ಲಿ ತಣ್ಣಗಿದ್ದ ಜಾಗ

ಅರವತ್ತು ವರ್ಷಗಳ ಹಿಂದೆ, ಹಾಮ್‌ಯಾಂಗ್ ಬೆಟ್ಟದೂರಿನಲ್ಲಿ, ಕಾಲು ಮುಂದಾಗಿ ಹುಟ್ಟಿ ಉಸಿರೇ ಇಲ್ಲದಿದ್ದ ಕೂಸೊಂದನ್ನು ಈ ಕೈಗಳು ಉಳಿಸಿದವು. ಅದರ ಬಾಯಿಗೆ ಊದಿದ ಪ್ರತಿ ಉಸಿರನ್ನೂ ಮನಸ್ಸಿನಲ್ಲೇ ಎಣಿಸಿದೆ. ನಲವತ್ತೊಂದಕ್ಕೆ ಅದು ಅತ್ತಿತು. ಆ ಎಣಿಕೆಯನ್ನು ಯಾರಿಗೂ ಹೇಳಿರಲಿಲ್ಲ.

ಏಳನೆಯ ದಿನ ಮಧ್ಯಾಹ್ನ, ಬಾಗಿಲಿಗೆ ಕಟ್ಟಿದ್ದ ಹುಲ್ಲುಹಗ್ಗದಡಿ ನುಸುಳಿ ಒಳಹೋದೆ. ಇಪ್ಪತ್ತೊಂದು ದಿನ ಆ ಹಗ್ಗವನ್ನು ಸೂಲಗಿತ್ತಿಯಾದ ನನ್ನ ಹೊರತು ಪರರು ದಾಟುವಂತಿಲ್ಲ. ಬಾಣಂತಿ ಯೊನ್ಸಿಲ್ ಮಗುವಿನ ಎದೆಯ ಮೇಲೆ ಅಂಗೈಯಿಟ್ಟು ಕುಳಿತಿದ್ದಳು. ಹೆತ್ತಂದಿನಿಂದ ಅವಳು ಕಣ್ಣು ಮುಚ್ಚಿರಲಿಲ್ಲ.

“ಲೋಕದಲ್ಲಿ ಇವಳೊಬ್ಳೇ ಹೆತ್ತಿರೋದು! ನಾನು ಮೂರನೇ ದಿನಕ್ಕೇ ಕಿಮ್ಚಿ ಉಪ್ಪಿನಕಾಯಿಗೆ ಎಲೆಕೋಸು ಹೆಚ್ತಿದ್ದೆ,” ಎಂದಳು ಅವಳ ಅತ್ತೆ.

“ಸುಮ್ನಿರಮ್ಮ ತಾಯಿ. ಮಗು ಅಳದೇ ಇದ್ದ ಹೊತ್ತು ಅನುಭವಿಸಿದ್ದು ಅವಳು, ನೀನಲ್ಲ,” ಎಂದೆ ನಾನು.

ಮಗುವಿನ ಆಚೆ ಬದಿಯಲ್ಲಿ ಕೂರಲು ನೆಲಕ್ಕೆ ಕೈಯೂರಿದೆ. ಒಬ್ಬರು ಕೂರುವಷ್ಟು ಜಾಗ ಬಾವಿಯ ಕಲ್ಲಿನಂತೆ ತಣ್ಣಗೆ ಕೊರೆಯುತ್ತಿತ್ತು.

“ನೆಲ ಬಿಸಿಮಾಡೋ ಅಡಿಯ ಒಲೆ ಆರಿದೆಯೇನಮ್ಮ?” ಎಂದು ಅತ್ತೆಯನ್ನು ಕೇಳಿದೆ.

“ಬೆಳಗಿನಿಂದ ಉರೀತಿದೆ. ನೆಲದ ಮೇಲೆ ಕಾಳು ಹಾಕಿದ್ರೆ ಸಿಡಿಯುತ್ತೆ!”

ಮಿಕ್ಕ ನೆಲ ನಿಜಕ್ಕೂ ಸುಡುತ್ತಿತ್ತು. ಹೆರಿಗೆ ಕಾಯುವ ದೇವತೆ ಸಂಶಿನ್ ಅಜ್ಜಿಗೆಂದು ಮೂಲೆಯಲ್ಲಿ ಆಗಷ್ಟೇ ಎಡೆಯಿಟ್ಟ ಕಡಲಪಾಚಿಯ ಸಾರಿನ ಮೇಲೆ ಹಬೆಯಿರಲಿಲ್ಲ.

“ಅಲ್ಲಿ ಕೂರ್ಬೇಡಿ ಅಕ್ಕ,” ಯೊನ್ಸಿಲ್ ಪಿಸುಗುಟ್ಟಿದಳು. “ಯಾರೋ ಕೂತು ಮಗು ಉಸಿರು ಎಣಿಸ್ತಿದಾರೆ. ಹುಟ್ಟಿದ ದಿನ ನಲವತ್ತೆರಡರಿಂದ ಶುರು ಮಾಡಿದ್ರು.”

ನಾನು ಎಣಿಕೆ ನಿಲ್ಲಿಸಿದ್ದು ನಲವತ್ತೊಂದಕ್ಕೆ. “ಹಾಗಾದ್ರೆ ನೀನು ಮಲ್ಕೋ ತಂಗಿ. ಎಣಿಸೋರು ಇದಾರಲ್ಲ,” ಎಂದೆ.

ಅವಳು ಕೈ ತೆಗೆದು ಸಂಜೆಯವರೆಗೂ ನಿದ್ರಿಸಿದಳು.

ಮೊನ್ನೆ ಹೆತ್ತ ನನ್ನ ಮೊಮ್ಮಗಳು ಈಗ ತನ್ನ ಕೂಸಿನ ಎದೆಯ ಮೇಲಿಂದ ಕೈ ತೆಗೆಯುತ್ತಿಲ್ಲ. “ಅಜ್ಜಿ, ಆ ನಲವತ್ತೆರಡರ ಕತೆ ಇನ್ನೊಂದ್ಸಲ ಹೇಳು,” ಎನ್ನುತ್ತಾಳೆ.